ಬ್ರೀಸಾಳ ಗಂಟೆ ನಿಂತ ಜಾಗ

ಲಾಂಬ್ರಿನಿ ಮೂವತ್ತೊಂದು ವರ್ಷ ಮೇಕೆ ಕಾದಳು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹಿಂದಿರುಗಿ ನೋಡಿ ಮೇಕೆಗಳನ್ನು ಲೆಕ್ಕ ಹಾಕಿದವಳಲ್ಲ. ತಾನು ಮುಂದೆ ನಡೆಯುತ್ತಿದ್ದಳು, ಹಿಂದೆ ಬರುವ ಗಂಟೆಗಳನ್ನು ಕೇಳುತ್ತಿದ್ದಳು. ಒಂದು ಗಂಟೆ ಕಡಿಮೆಯಾದರೆ ಅದು ಯಾವ ಮೇಕೆಯದು, ಯಾವ ಪೊದೆಗೆ ಬಾಯಿ ಹಾಕಿ ಹಿಂದೆ ಉಳಿದಿದೆ ಎಂಬುದು ಅವಳಿಗೆ ತಿಳಿಯುತ್ತಿತ್ತು. ಪಲಿಯೋಕರ್ಯಾ ಊರಿನಲ್ಲಿ ಇದನ್ನು ಯಾರೂ ದೊಡ್ಡ ವಿದ್ಯೆಯೆಂದು ಹೊಗಳಿದ್ದಿಲ್ಲ. ಎಪಿರಸ್ಸಿನ ಬೆಟ್ಟಗಳಲ್ಲಿ ಮೇಕೆ ಕಾಯುವವರಿಗೆ ಅಷ್ಟು ಕಿವಿ ಇರಲೇಬೇಕು.

ಐವತ್ತೆರಡನೆಯ ವಯಸ್ಸಿನಲ್ಲಿ, ಈಸ್ಟರ್ ಕಳೆದ ವಾರ, ಅವಳು ಮಂದೆಯನ್ನು ಮೈದುನ ತೋಲಿಸ್‌ನಿಗೆ ಮಾರಿದಳು. ಕಾರಣ ಕೇಳಿದವರಿಗೆ “ಸಾಕಾಯ್ತು” ಎಂದಳು. ಅದು ಅರ್ಧ ನಿಜ. ಉಳಿದ ಅರ್ಧವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಪ್ರತಿ ವರ್ಷ ನವೆಂಬರಿನ ಮೊದಲ ಚಳಿಗೆ ಉತ್ತರದಿಂದ ಬೆಕಾತ್ಸಾ ಹಕ್ಕಿಗಳು ಬಂದಿಳಿಯುತ್ತಿದ್ದವು. ಒಣಗಿದ ಎಲೆಯ ಬಣ್ಣ, ಗೇಣುದ್ದದ ಕೊಕ್ಕು. ತರಗೆಲೆಯ ಮೇಲೆ ಕೂತರೆ ಮೂಗಿನ ಮುಂದಿದ್ದರೂ ಕಾಣುವುದಿಲ್ಲ. ಮೇಕೆಯ ಗೊರಸು ತಗಲುವಷ್ಟು ಹತ್ತಿರ ಬಂದ ಮೇಲೆ ಒಮ್ಮೆಲೇ ಎದ್ದು, ಮರಗಳ ನಡುವೆ ಎಡಕ್ಕೆ ಬಲಕ್ಕೆ ತಿರುಚಿಕೊಂಡು ಹಾರಿ ಮಾಯ. ಮೂವತ್ತೊಂದು ನವೆಂಬರುಗಳಲ್ಲಿ ಆ ರೆಕ್ಕೆಯ ಸದ್ದಿಗೆ ಅವಳ ಎದೆ ಹಾರಿತ್ತು. ಮೂವತ್ತೊಂದು ಸಲವೂ ಅವಳ ಕೈಯಲ್ಲಿ ಇದ್ದದ್ದು ಕೋಲು.

ಮೇ ತಿಂಗಳಲ್ಲಿ ಬಸ್ಸು ಹತ್ತಿ ಯಾನಿನಾ ಪಟ್ಟಣಕ್ಕೆ ಹೋಗಿ ಬೇಟೆಯ ಪರವಾನಗಿಗೆ ಪರೀಕ್ಷೆ ಬರೆದಳು. ಕೋಣೆಯಲ್ಲಿದ್ದ ಮೂವತ್ತು ಜನರಲ್ಲಿ ಹೆಂಗಸು ಅವಳೊಬ್ಬಳೇ. ಪಾಸಾಗಿ ಬಂದಳು. ಆ ಬಸ್ಸನ್ನು ಓಡಿಸುತ್ತಿದ್ದವನು ಅವಳ ಗಂಡ ವಾಯೋಸ್. ಕಾಫಿ ಅಂಗಡಿಯಲ್ಲಿ ಸುದ್ದಿ ಹರಡಿದವನೂ ಅವನೇ.

“ಇನ್ಮೇಲೆ ನಾನು ಫ್ರಿಜ್ ಬಾಗಿಲು ತೆಗೆಯೋಕೂ ಕೈ ಮೇಲೆತ್ತಿಕೊಂಡು ಹೋಗ್ಬೇಕು” ಎಂದ.

“ಫ್ರಿಜ್ಜಿನಲ್ಲಿ ನಿನಗೇನು ಕೆಲಸ? ಅದರಲ್ಲಿರೋದೆಲ್ಲ ನಾನು ಮಾಡಿಟ್ಟಿದ್ದು” ಎಂದಳು ಲಾಂಬ್ರಿನಿ.

ಅಕ್ಟೋಬರಿನಲ್ಲಿ ಕೋವಿ ಕೊಳ್ಳಲು ಆರ್ತಾ ಪಟ್ಟಣಕ್ಕೆ ಹೊರಟಾಗ ತೋಲಿಸ್ ಜೊತೆಗೆ ಬಂದ. ಅವನೂ ಬೇಟೆಗಾರನೇ. ಊರಿನಲ್ಲಿ ಅತಿ ಹೆಚ್ಚು ತೋಟಾ ಸುಟ್ಟವನೆಂಬ ಹೆಸರು ಅವನಿಗಿತ್ತು. ಅತಿ ಹೆಚ್ಚು ಹಕ್ಕಿ ತಂದವನೆಂಬ ಹೆಸರು ಇರಲಿಲ್ಲ.

“ಅತ್ತಿಗೆ, ಉದ್ದದ್ದು ತಗೋ. ಹನ್ನೆರಡು ಬೋರಿಂದು. ಈ ಗುಡ್ಡದಿಂದ ಆ ಗುಡ್ಡಕ್ಕೆ ಬೀಳಬೇಕು ಏಟು.”

ಲಾಂಬ್ರಿನಿಗೂ ಅದೇ ಸರಿಯೆನಿಸಿತ್ತು. ಕುರುಬರು ಎಲ್ಲವನ್ನೂ ಗುಡ್ಡದಿಂದ ಗುಡ್ಡಕ್ಕೇ ಅಳೆಯುತ್ತಾರೆ. ಅಂಗಡಿಯ ಗೋಡೆಯಲ್ಲಿ ಸಾಲಾಗಿ ನಿಲ್ಲಿಸಿದ್ದ ಕೋವಿಗಳನ್ನು ಕಂಡು ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಎಣ್ಣೆಯ ವಾಸನೆ, ಹೊಳೆಯುವ ವಾಲ್‌ನಟ್ ಮರದ ಹಿಡಿಗಳು. ಎಲ್ಲಕ್ಕಿಂತ ಉದ್ದವಾದದ್ದರ ಕಡೆಗೆ ಬೆರಳು ತೋರಿಸಿದಳು.

ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿದ ಮುದುಕ. ಕೋವಿ ತೆಗೆದುಕೊಡುವ ಬದಲು ಪ್ರಶ್ನೆ ಕೇಳಿದ.

“ಏನು ಹೊಡೀತೀರಾ?”

“ಬೆಕಾತ್ಸಾ.”

“ಎಲ್ಲಿಂದ ಏಳುತ್ತೆ ಅದು?”

ಲಾಂಬ್ರಿನಿ ತನ್ನ ಬೂಟಿನ ತುದಿ ತೋರಿಸಿದಳು.

“ಎದ್ದು ಎಷ್ಟು ದೂರಕ್ಕೆ ಮರದ ಹಿಂದೆ ಮರೆಯಾಗುತ್ತೆ?”

ಅವಳು ಬಾಗಿಲಾಚೆ ನೋಡಿದಳು. “ಆ ಚರ್ಚಿನ ಮೆಟ್ಟಿಲವರೆಗೆ. ಅದಕ್ಕಿಂತ ಹೆಚ್ಚಿಲ್ಲ.”

“ಇಪ್ಪತ್ತೈದು ಹೆಜ್ಜೆ. ಅಷ್ಟಕ್ಕೆ ಈ ಫಿರಂಗಿ ಯಾಕೆ ತಾಯಿ? ಇದರ ಬಾಯಿ ಇಕ್ಕಟ್ಟು, ಚರೆ ಎಲ್ಲ ಒಂದು ಮುಷ್ಟಿಯಾಗಿ ಹೋಗುತ್ತೆ. ತಪ್ಪಿದ್ರೆ ಪೂರ್ತಿ ತಪ್ಪುತ್ತೆ. ತಗಲಿದ್ರೆ ನಿಮಗೆ ಸಿಗೋದು ಕೊಕ್ಕು ಮಾತ್ರ.”

ತೋಲಿಸ್ ಕೆಮ್ಮಿದ. “ನನ್ನದೂ ಅದೇ ಕೋವಿ.”

“ಗೊತ್ತು. ವರ್ಷಕ್ಕೆ ಎಂಟು ಡಬ್ಬಿ ತೋಟಾ ಕೊಳ್ತೀಯಲ್ಲ, ನಿನ್ನಿಂದಲೇ ನನ್ನ ಮಗಳ ಮದುವೆ ಆಯ್ತು.”

ಮುದುಕ ಖಾಲಿ ಕೋವಿಯೊಂದನ್ನು ನಡುವಿನಲ್ಲಿ ಮಡಚಿ ತೆರೆದು, ನಳಿಗೆಯಲ್ಲಿ ಬೆಳಕು ನೋಡಿ, ಅವಳ ಕೈಗಿತ್ತ. “ಕಣ್ಣು ಮುಚ್ಚಿ. ಗೋಡೆಯ ಕ್ಯಾಲೆಂಡರಿನಲ್ಲಿ ಸಂತ ಇದ್ದಾನಲ್ಲ, ಅವನನ್ನ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕೋವಿನ ಹೆಗಲಿಗೆ ತನ್ನಿ. ಈಗ ಕಣ್ಣು ಬಿಡಿ.”

ಅವಳು ಕಣ್ಣು ಬಿಟ್ಟಾಗ ಕೋವಿ ಸಂತನನ್ನು ಬಿಟ್ಟು ಪಕ್ಕದಲ್ಲಿ ಅಂಟಿಸಿದ್ದ ಕರೆಂಟ್ ಬಿಲ್ಲನ್ನು ನೋಡುತ್ತಿತ್ತು. ಎರಡನೆಯದು ಮೇಲ್ಛಾವಣಿಯನ್ನು ನೋಡಿತು. ಮೂರನೆಯದು ಭಾರಕ್ಕೆ ನೆಲವನ್ನು ನೋಡಿತು. ಐದನೆಯದು ಇಪ್ಪತ್ತು ಬೋರಿನ ಜೋಡುನಳಿಗೆ; ಬೋರಿನ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣ. ಗಿಡ್ಡ, ಹಗುರ, ಬಾಯಿ ಸಡಿಲ. ಹಿಡಿಯಲ್ಲಿ ಯಾರದೋ ಹಲ್ಲಿನ ಗುರುತಿನಂಥ ಕಚ್ಚು. ಅದು ಹೆಗಲಿಗೆ ಬಂದದ್ದೇ ಅವಳಿಗೆ ತಿಳಿಯಲಿಲ್ಲ. ಕಣ್ಣು ಬಿಟ್ಟರೆ ಎರಡು ನಳಿಗೆಗಳ ನಡುವಿನ ಗೆರೆ ನೇರವಾಗಿ ಸಂತನ ಗಡ್ಡಕ್ಕೆ ಹೋಗಿ ಮುಟ್ಟಿತ್ತು. ಮತ್ತೆ ಮುಚ್ಚಿ ತೆರೆದಳು. ಮತ್ತೆ ಗಡ್ಡ. ಅವಳ ಕುತ್ತಿಗೆ ಕೆಂಪಾಯಿತು.

“ಇದು ಮಕ್ಕಳ ಕೋವಿ” ಎಂದ ತೋಲಿಸ್.

“ನೀನು ಸುಮ್ನಿರು. ನನ್ನ ಕೋಲು ಕೂಡ ನಿನ್ನ ಕೋಲಿಗಿಂತ ಗಿಡ್ಡ ಇತ್ತು. ಮೇಕೆ ಯಾರ ಮಾತು ಕೇಳ್ತಿದ್ವು?”

ಮುದುಕ ಹಿಡಿಯ ಬುಡದಿಂದ ಒಂದು ಬೆರಳಿನಷ್ಟು ಗರಗಸದಲ್ಲಿ ಕೊಯ್ದು, ಅವಳ ತೋಳಿಗೆ ಸರಿಮಾಡಿಕೊಟ್ಟ. ಮುಂದಿನ ಮೂರು ವಾರ ಲಾಂಬ್ರಿನಿ ತೋಲಿಸ್‌ನಿಂದ ಕೊಂಡ ಹಾಲಿನ ಚೀಸ್ ಹೆಪ್ಪುಗಟ್ಟುವುದನ್ನು ಕಾಯುವಾಗಲೆಲ್ಲ ಖಾಲಿ ಕೋವಿಯನ್ನು ಹೆಗಲಿಗೆ ತಂದು ಇಳಿಸಿದಳು. ವಾಯೋಸ್ ಊಟಕ್ಕೆ ಬರುವ ಮುಂಚೆ ಹೊರಗಿನಿಂದ ಬಸ್ಸಿನ ಹಾರನ್ ಹೊಡೆಯತೊಡಗಿದ.

ಉಳಿದದ್ದು ನಾಯಿ.

ಮರಿ ಕೊಂಡುಕೋ ಎಂದರು ಹಲವರು. ಊರವರೆಲ್ಲ ಬಾರ್ಬಾ, ಎಂದರೆ ದೊಡ್ಡಪ್ಪ, ಎಂದು ಕರೆಯುವ ಹಳೆಯ ಬೇಟೆಗಾರ ಫೋತಿಸ್ ಮಾತ್ರ ಬೇಡವೆಂದು ತಲೆಯಾಡಿಸಿದ. ಎಂಬತ್ತರ ಹತ್ತಿರದ ಮನುಷ್ಯ, ಸೊಂಟದ ಮೂಳೆ ಕೆಟ್ಟು, ಹೋದ ಚಳಿಗಾಲದಿಂದ ಮನೆಯ ಮೆಟ್ಟಿಲು ಇಳಿಯುವುದೂ ಅವನಿಗೆ ಕಷ್ಟ.

“ಹೊಸ ಬೇಟೆಗಾರ, ಹೊಸ ನಾಯಿ. ಇಬ್ಬರೂ ಸೇರಿ ಒಬ್ಬರನ್ನೊಬ್ಬರು ಕೆಡಿಸ್ತಾರೆ” ಎಂದ. “ಇಬ್ಬರಲ್ಲಿ ಒಬ್ಬರಿಗಾದ್ರೂ ಕೆಲಸ ಗೊತ್ತಿರಬೇಕು. ನಿನಗೆ ಗೊತ್ತಿಲ್ಲ.”

ಅವನ ಹತ್ತಿರ ಬ್ರೀಸಾ ಎಂಬ, ಸೆಟರ್ ತಳಿಯ ಹೆಣ್ಣು ಬೇಟೆನಾಯಿಯಿತ್ತು. ಐದು ವರ್ಷದ್ದು, ಬಿಳಿ ಮೈ, ಕಪ್ಪು ಚುಕ್ಕೆ, ಉದ್ದ ರೋಮದ ಬಾಲ. ಊರಿನಲ್ಲಿ ಅದಕ್ಕೆ ಕೆಟ್ಟ ಹೆಸರು. ಬೆಕಾತ್ಸಾ ಬೇಟೆಯಲ್ಲಿ ನಾಯಿ ಪೊದೆಯೊಳಗೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕುತ್ತಿಗೆಗೆ ಪುಟ್ಟ ಗಂಟೆ. ನಾಯಿ ಓಡುವಷ್ಟು ಹೊತ್ತೂ ಗಂಟೆ ಕೇಳುತ್ತದೆ. ಹಕ್ಕಿಯ ವಾಸನೆ ಮೂಗಿಗೆ ಬಡಿದಾಗ ನಾಯಿ ಕಲ್ಲಾಗಿ ನಿಲ್ಲುತ್ತದೆ, ಗಂಟೆ ನಿಲ್ಲುತ್ತದೆ, ಬೇಟೆಗಾರ ಆ ಜಾಗಕ್ಕೆ ಧಾವಿಸಬೇಕು. ಬ್ರೀಸಾಳ ಗಂಟೆ ನಿಲ್ಲುತ್ತಿತ್ತು, ಜನ ಧಾವಿಸುತ್ತಿದ್ದರು, ಅಲ್ಲಿ ಹಕ್ಕಿ ಇರುತ್ತಿರಲಿಲ್ಲ.

“ಸುಳ್ಳಿ ನಾಯಿ ಅದು” ಎಂದಿದ್ದ ತೋಲಿಸ್. “ಹೋದ ವರ್ಷ ಬಾರ್ಬಾ ಜೊತೆ ಹೋಗಿದ್ದೆ. ಹತ್ತು ಸಲ ನಿಂತಳು, ಒಂಬತ್ತು ಸಲ ಬರೀ ಎಲೆ.”

ಗುರುವಾರ ಸಂಜೆ ಲಾಂಬ್ರಿನಿ ಫೋತಿಸ್‌ನ ಅಂಗಳದ ಕಲ್ಲುಗೋಡೆಯ ಮೇಲೆ ಕೂತಳು. ಫೋತಿಸ್ ಶಿಳ್ಳೆ ಹಾಕಿ ನಾಯಿಯನ್ನು ಕೆಳಗಿನ ಓಕ್ ಕಾಡಿಗೆ ಬಿಟ್ಟ. ಅವಳು ಕಣ್ಣು ಮುಚ್ಚಿದಳು. ಗಂಟೆ ಇಳಿಜಾರಿನಲ್ಲಿ ಚುರುಕಾಗಿ ಹೋಯಿತು, ತಿರುಗಿತು, ಮೇಲೆ ಬಂತು, ಮತ್ತೆ ಇಳಿಯಿತು. ಆಮೇಲೆ ನಿಧಾನವಾಯಿತು. ಒಂದು ಬಡಿತ. ಅರ್ಧ ಬಡಿತ. ಇನ್ನೊಂದು ಅರ್ಧ, ಗಂಟೆಯ ನಾಲಗೆ ಲೋಹಕ್ಕೆ ಒರಗಿದಷ್ಟೇ. ಆಮೇಲೆ ಏನೂ ಇಲ್ಲ.

ಅವಳ ತೋಳಿನ ರೋಮ ಎದ್ದು ನಿಂತಿತು. ಹಾವು ಕಂಡ ಮೇಕೆ ಹೀಗೇ ನಿಲ್ಲುತ್ತದೆ. ಸುಮ್ಮನೆ ನಿಂತ ಮೇಕೆಯ ಗಂಟೆ ಹೀಗಲ್ಲ. ಅದು ಒಂದೇಟಿಗೆ ನಿಂತು, ಮೈ ಕೆರೆದುಕೊಳ್ಳಲು ಮತ್ತೆ ಅಲ್ಲಾಡುತ್ತದೆ.

“ಅವಳು ಸುಳ್ಳು ಹೇಳ್ತಿಲ್ಲ ಬಾರ್ಬಾ. ಅಲ್ಲೇನೋ ಇದೆ.”

“ಇದೆ” ಎಂದ ಫೋತಿಸ್. “ಆದ್ರೆ ಬೆಕಾತ್ಸಾಗೆ ಕಾಲಿದೆ. ನಿಂತ ಕಡೆ ಕಾಯ್ತಾ ಕೂರಲ್ಲ, ತರಗೆಲೆ ಮೇಲೆ ನಡ್ಕೊಂಡು ಜಾರಿಕೊಳ್ಳುತ್ತೆ. ನಾನು ಕುಂಟ್ಕೊಂಡು ತಲುಪೋ ಹೊತ್ತಿಗೆ ಖಾಲಿ. ತೋಲಿಸ್‌ಗೆ ಎರಡು ಕಾಲಿದೆ, ಕಿವಿ ಇಲ್ಲ. ಅವನು ಬೇರೆ ಗುಡ್ಡದಲ್ಲಿ ಹುಡುಕ್ತಿದ್ದ.”

“ಅವಳನ್ನ ನನಗೆ ಕೊಡು.”

ಫೋತಿಸ್ ಸಿಗರೇಟು ಹಚ್ಚಿದ. ಯಾನಿನಾದ ಹಲ್ಲಿನ ಡಾಕ್ಟರು ಮೆನೆಲಾವೋಸ್ ಭಾನುವಾರ ಮಧ್ಯಾಹ್ನ ನಾಯಿ ಕರೆದೊಯ್ಯಲು ಬರುವವನಿದ್ದ. ಬೇಸಿಗೆಯಿಂದಲೇ ಕೇಳುತ್ತಿದ್ದ. ಒಳ್ಳೆಯ ಮನುಷ್ಯ, ಮೂರು ನಾಯಿಗಳಿಗೆ ಬಿಸಿನೀರಿನ ಕೊಳವೆ ಹಾಕಿಸಿದ ಗೂಡು ಕಟ್ಟಿಸಿದ್ದಾನೆ.

“ನಾನು ಮಾತು ಕೊಟ್ಟಿಲ್ಲ, ಇಲ್ಲ ಅಂತಲೂ ಹೇಳಿಲ್ಲ” ಎಂದ ಫೋತಿಸ್. “ನಾಳೆ ಶುಕ್ರವಾರ. ಮೂರು ಬೆಳಗ್ಗೆ ನಿನಗೆ. ಬ್ರೀಸಾ ನಿಂತು ತೋರಿಸಿದ ಹಕ್ಕಿ, ಹಾರುವಾಗ ಹೊಡೆದದ್ದು, ಒಂದೇ ಒಂದು. ಭಾನುವಾರ ಡಾಕ್ಟರು ಊಟಕ್ಕೆ ಕೂರೋ ಮುಂಚೆ ನನ್ನ ಮೇಜಿನ ಮೇಲಿರಬೇಕು. ಇದ್ರೆ ನಾಯಿ ನಿಂದು. ಇಲ್ದಿದ್ರೆ ಬಿಸಿನೀರಿನ ಗೂಡಿಗೆ ಹೋಗಲಿ, ಸುಖವಾಗಿರ್ತಾಳೆ. ಇನ್ನೊಂದು ಮಾತು. ಹಕ್ಕಿಯ ಹಿಂದೆ ಆಕಾಶ ಕಂಡರೆ ಮಾತ್ರ ಕೋವಿಯ ಕುದುರೆಗೆ ಬೆರಳು ಹಾಕಿ ಎಳಿ. ಪೊದೆ ಕಂಡರೆ ಕೈ ತೆಗಿ. ಆ ಪೊದೆಯೊಳಗೆ ನನ್ನ ನಾಯಿ ಇರುತ್ತೆ.”

ಆ ರಾತ್ರಿ ಲಾಂಬ್ರಿನಿ ಸರಿಯಾಗಿ ಮಲಗಲಿಲ್ಲ.

ಶುಕ್ರವಾರ ಹಳ್ಳದ ದಂಡೆಗೆ ಹೋದಳು. ಬ್ರೀಸಾ ಅವಳನ್ನು ಒಮ್ಮೆ ಮೂಸಿ ನೋಡಿ, ಬೇರೆ ಯಾರೂ ಇಲ್ಲದ್ದರಿಂದ ಇವಳೇ ಆಗಬಹುದು ಎಂಬಂತೆ ಕಾಡಿಗೆ ನುಗ್ಗಿತು. ಅರ್ಧ ತಾಸಿನೊಳಗೆ ಗಂಟೆ ನಿಂತಿತು. ಲಾಂಬ್ರಿನಿ ಓಡಿದಳು. ಹಳ್ಳ ಮೊರೆಯುತ್ತಿತ್ತು, ಕಾಲಡಿ ತರಗೆಲೆ ಪಟಪಟಗುಟ್ಟುತ್ತಿತ್ತು, ಆ ಗದ್ದಲದಲ್ಲಿ ಪುಟ್ಟ ಗಂಟೆ ಕೊನೆಗೆ ಬಡಿದ ಜಾಗ ಎಲ್ಲೋ ಕಳೆದುಹೋಗಿತ್ತು. ಎರಡು ಇಳಿಜಾರು ಹುಡುಕಿದ ಮೇಲೆ ನಾಯಿ ಸಿಕ್ಕಿತು. ಕಲ್ಲಿನಂತೆ ನಿಂತಿತ್ತು, ಆದರೆ ಹಕ್ಕಿ ಯಾವಾಗಲೋ ನಡೆದುಹೋಗಿತ್ತು. ಬ್ರೀಸಾ ಅವಳ ಕಡೆ ತಿರುಗಿ ನೋಡಿದ ನೋಟದಲ್ಲಿ ಮರ್ಯಾದೆ ಇರಲಿಲ್ಲ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಹಕ್ಕಿ ಎದ್ದ ಸದ್ದು ಮಾತ್ರ ಕೇಳಿಸಿತು.

ತಪ್ಪು ಗಂಟೆಯದು ಎಂದು ಅವಳು ತೀರ್ಮಾನಿಸಿದಳು. ಆ ಕಾಸಗಲದ ಗಂಟೆಯ ಸದ್ದು ಹಳ್ಳದ ಮೊರೆತದಲ್ಲಿ ಏನು ಕೇಳೀತು?

ಮಂದೆ ಮಾರುವವರು ಮುಂದಾಳು ಹೋತದ ಗಂಟೆಯನ್ನು ಮಾತ್ರ ಕೊಡುವುದಿಲ್ಲ, ಬಿಚ್ಚಿ ಇಟ್ಟುಕೊಳ್ಳುತ್ತಾರೆ. ಹೊಸ ಒಡೆಯ ತನ್ನ ಗಂಟೆ ಕಟ್ಟಿ ಮೇಕೆಗಳಿಗೆ ತನ್ನ ಸದ್ದನ್ನು ಕಲಿಸಬೇಕು. ಲಾಂಬ್ರಿನಿಯ ಮುಂದಾಳು ಹೋತದ ಹೆಸರು ಪಾಶಾ. ಪಾಶಾನ ಕಂಚಿನ ಗಂಟೆ ಏಪ್ರಿಲಿನಿಂದ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಆ ಗಂಟೆಯನ್ನು ಅವಳು ಅರ್ಧ ಹರದಾರಿ ದೂರದಿಂದ, ಮಳೆಯಲ್ಲಿ, ನಿದ್ದೆಗಣ್ಣಲ್ಲಿ ಗುರುತು ಹಿಡಿಯಬಲ್ಲಳು. ಶನಿವಾರ ಬೆಳಗ್ಗೆ ಅದನ್ನು ಬ್ರೀಸಾಳ ಕುತ್ತಿಗೆಗೆ ಕಟ್ಟಿದಳು. ಭಾರಕ್ಕೆ ನಾಯಿಯ ತಲೆ ತುಸು ತಗ್ಗಿತು.

ಮೊದಲ ಒಂದು ತಾಸು ಚೆನ್ನಾಗಿತ್ತು. ಕಾಡಿನ ಯಾವ ಮೂಲೆಯಲ್ಲಿದ್ದರೂ ನಾಯಿ ಅವಳಿಗೆ ಕಣ್ಣೆದುರು ಇದ್ದಂತೆ. ಆಮೇಲೆ ಗಂಟೆ ನಿಧಾನವಾಯಿತು, ಅರ್ಧ ಬಡಿತ, ನಿಂತಿತು. ಲಾಂಬ್ರಿನಿ ನೇರವಾಗಿ ಹೋದಳು. ಬ್ರೀಸಾ ಒಂದು ಮುಂಗಾಲು ಎತ್ತಿ, ಬಾಲ ಚಾಚಿ, ಜರೀಗಿಡದ ಪೊದೆಗೆ ಮೂಗು ನೆಟ್ಟು ನಿಂತಿತ್ತು. ಹತ್ತು ಹೆಜ್ಜೆ. ಎಂಟು ಹೆಜ್ಜೆ. ಎಲೆಗಳ ನಡುವೆ ಹೊಳೆಯುವ ಕಪ್ಪು ಕಣ್ಣೊಂದು ಕಂಡಂತಾಯಿತು.

ಆಗ ಹಿಂದಿನ ಇಳಿಜಾರಿನಿಂದ ಕಲ್ಲು ಉರುಳುವ ಸದ್ದು ಬಂತು. ರೆಂಬೆ ಮುರಿಯಿತು. ಮೊದಲು ಪಾಶಾ ಬಂದ, ಕೊಂಬಿಗೆ ಸೊಪ್ಪು ಸಿಕ್ಕಿಸಿಕೊಂಡು, ತನ್ನ ಗಂಟೆ ಯಾರ ಕುತ್ತಿಗೆಯಲ್ಲಿದೆ ಎಂದು ನೋಡುವ ಮುಖದಲ್ಲಿ. ಅವನ ಹಿಂದೆ ನೂರನಲವತ್ತು ಮೇಕೆಗಳು. ಎದುರಿನ ಗುಡ್ಡದಲ್ಲಿ ಮೇಯುತ್ತಿದ್ದವು ಹಳೆಯ ಸದ್ದು ಕೇಳಿ ಹಳ್ಳ ದಾಟಿ ಬಂದಿದ್ದವು. ಜರೀಗಿಡದ ಪೊದೆಯನ್ನು ತುಳಿದವು, ಲಾಂಬ್ರಿನಿಯ ಕೋಟು ಮೂಸಿದವು, ಒಂದು ಮರಿ ಕೋವಿಯ ಪಟ್ಟಿಯನ್ನು ಅಗಿಯತೊಡಗಿತು. ಬೆಕಾತ್ಸಾ ಎದ್ದಿತು. ಅವಳು ಕೋವಿ ಎತ್ತಿದಾಗ ನಳಿಗೆಯ ಮುಂದೆ ಇದ್ದದ್ದು ಪಾಶಾನ ಕೊಂಬುಗಳು. ಕೈ ತೆಗೆದಳು.

ಬ್ರೀಸಾ ಮೇಕೆಗಳ ನಡುವೆ ಕೂತು ಆಕಳಿಸಿತು.

ತೋಲಿಸ್ ಏದುಸಿರು ಬಿಡುತ್ತ ಬಂದ. “ಏನತ್ತಿಗೆ, ಮಾರಿದ ಮೇಕೆನ ವಾಪಸ್ ಕದಿಯೋಕೆ ನಾಯಿಗೆ ಪಾಠ ಹೇಳ್ಕೊಡ್ತಿದ್ಯಾ?”

ಅವಳು ಮಂಡಿಯೂರಿ ನಾಯಿಯ ಕುತ್ತಿಗೆಯಿಂದ ಗಂಟೆ ಬಿಚ್ಚಿ, ಅದರ ನಾಲಗೆಗೆ ಕರವಸ್ತ್ರ ಸುತ್ತಿ ಜೇಬಿಗಿಟ್ಟಳು. ಮೇಕೆಗಳನ್ನು ಅವನ ಗುಡ್ಡಕ್ಕೆ ಹೊಡೆದುಕೊಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ತೋಲಿಸ್ ನಕ್ಕ. ಸಂಜೆ ಕಾಫಿ ಅಂಗಡಿಯೂ ನಕ್ಕಿತು. ಬೆಕಾತ್ಸಾ ಹೊಡೆಯಲು ಹೋಗಿ ನೂರನಲವತ್ತು ಮೇಕೆ ಹಿಡಿದು ತಂದ ಬೇಟೆಗಾರ್ತಿ ಯೂರೋಪಿನಲ್ಲೇ ಇವಳೊಬ್ಬಳು ಎಂದ ವಾಯೋಸ್. ಆದರೆ ಮನೆಗೆ ಬಂದ ಮೇಲೆ ಅವಳ ಬೂಟುಗಳನ್ನು ಒಲೆಯ ಪಕ್ಕ ಒಣಗಲು ಇಟ್ಟವನೂ ಅವನೇ.

ನಾಯಿಯನ್ನು ಬಿಡಲು ಹೋದಾಗ ಫೋತಿಸ್ ನಗಲಿಲ್ಲ. ಅವಳ ಜೇಬಿನ ಉಬ್ಬನ್ನು ನೋಡಿದ.

“ಮೇಕೆ ಕಾಯುವಾಗ ಒಂದು ಗಂಟೆ ತಪ್ಪಿದ್ರೆ ಏನು ಮಾಡ್ತಿದ್ದೆ ಹುಡುಗೀ? ಓಡ್ತಿದ್ಯಾ?”

“ಓಡೋದ್ಯಾಕೆ? ನಿಂತುಬಿಡ್ತಿದ್ದೆ. ಉಸಿರು ಹಿಡಿದು ಕೇಳ್ತಿದ್ದೆ.”

“ನಿನ್ನೆ?”

ನಿನ್ನೆ ಅವಳು ಮೂರು ಸಲವೂ ಓಡಿದ್ದಳು.

“ಕೋವಿ ಹಿಡಿದ ತಕ್ಷಣ ಎಲ್ಲರಿಗೂ ಬುದ್ಧಿ ಕಾಲಿಗೆ ಇಳಿಯುತ್ತೆ” ಎಂದು ಫೋತಿಸ್ ಬಾಗಿಲು ಹಾಕಿಕೊಂಡ.

ಭಾನುವಾರ ಇಬ್ಬನಿ ಗಟ್ಟಿಯಾಗಿ ಹುಲ್ಲು ಬೆಳ್ಳಗಾಗಿತ್ತು. ರಾತ್ರಿ ಹೊಸ ಹಕ್ಕಿಗಳು ಇಳಿದಿರಬೇಕು. ಫೋತಿಸ್ ಕಂಬಳಿ ಹೊದ್ದು ಮನೆಯ ಮೊಗಸಾಲೆಯಲ್ಲಿ ಕೂತಿದ್ದ, ಪಕ್ಕದಲ್ಲಿ ಸಿಗರೇಟಿನ ಪೊಟ್ಟಣ. ಕೈ ಬೀಸಲಿಲ್ಲ. ಲಾಂಬ್ರಿನಿ ಪುಟ್ಟ ಗಂಟೆಯನ್ನೇ ಕಟ್ಟಿ, ಹಳ್ಳದ ಮೊರೆತ ಬೆನ್ನಿಗಿರುವಂತೆ ಮೇಲಿನ ದಾರಿ ಹಿಡಿದಳು.

ಒಂಬತ್ತರವರೆಗೆ ಏನೂ ಇಲ್ಲ. ಒಂಬತ್ತೂವರೆಗೆ ಬ್ರೀಸಾ ನಿಂತಿತು, ಹಕ್ಕಿ ಎದ್ದಿತು, ಎದ್ದದ್ದು ನೆಲಕ್ಕಂಟಿ ನಾಯಿಯ ತಲೆಯ ಮೇಲೇ ಹಾದುಹೋಯಿತು. ಹಿಂದೆ ಪೊದೆ. ಲಾಂಬ್ರಿನಿ ಕುದುರೆಯಿಂದ ಬೆರಳು ತೆಗೆದು, ಊರ ಹೆಂಗಸರು ಬಾವಿಕಟ್ಟೆಯಲ್ಲಿ ಮಾತ್ರ ಆಡುವ ಮಾತೊಂದನ್ನು ಆಡಿದಳು. ಕೆಳಗಿನ ಊರಿನಿಂದ ಚರ್ಚಿನ ಗಂಟೆ ಬಡಿಯಿತು. ಇನ್ನು ಎಷ್ಟು ಹೊತ್ತು? ಡಾಕ್ಟರು ಯಾನಿನಾದಿಂದ ಹೊರಟಿರಬೇಕು.

ಹತ್ತೂವರೆಗೆ ಪುಟ್ಟ ಗಂಟೆಯ ನಡೆ ಬದಲಾಯಿತು. ಅವಳು ಒಂದು ಕಾಲು ಎತ್ತಿದ್ದವಳು ಅದನ್ನು ಹಾಗೆಯೇ ಮೆಲ್ಲಗೆ ಇಳಿಸಿ, ನಿಂತಳು. ಬಾಯಿ ತೆರೆದು ಉಸಿರಾಡಿದಳು, ಮೂಗಿನ ಸದ್ದು ಅಡ್ಡ ಬರದಿರಲೆಂದು. ಒಂದು ಬಡಿತ. ಅರ್ಧ. ಅರ್ಧ. ಮೌನ.

ಬಿದ್ದ ಓಕ್ ಮರದ ಎಡಕ್ಕೆ, ಎಂಬತ್ತು ಹೆಜ್ಜೆ ಕೆಳಗೆ. ಕೊನೆಯ ಬಡಿತ ಮಂದವಾಗಿತ್ತು, ಅಂದರೆ ನಾಯಿಯ ಎದೆ ಆ ಕಡೆಗಿದೆ, ಬೆನ್ನು ಇವಳ ಕಡೆಗಿದೆ. ಇಷ್ಟೆಲ್ಲ ಅವಳಿಗೆ ಯೋಚಿಸದೆಯೇ ತಿಳಿದಿತ್ತು. ಓಡಲಿಲ್ಲ, ತಡವರಿಸಲೂ ಇಲ್ಲ. ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಇಳಿದಳು. ಮರದ ಬೊಡ್ಡೆ ದಾಟಿದಾಗ ಬಿಳಿ ಬಾಲ ಕಂಡಿತು, ತುದಿ ಮಾತ್ರ ನಡುಗುತ್ತಿತ್ತು. ನಾಯಿಯ ಬಲಕ್ಕೆ ಸರಿದು ನಾಲ್ಕು ಹೆಜ್ಜೆ ಇಟ್ಟಳು.

ಎಲೆಗಳು ಸಿಡಿದವು. ಹಕ್ಕಿ ನೇರ ಮೇಲಕ್ಕೆ ಎದ್ದು, ಕೊಂಬೆಗಳ ನಡುವಿನ ನೀಲಿಗೆ ತಿರುಚಿಕೊಂಡಿತು. ಕೋವಿ ಹೆಗಲಿಗೆ ಬಂದದ್ದು ತಿಳಿಯಲಿಲ್ಲ. ಮೊದಲ ಏಟಿಗೆ ಓಕ್ ಮರದ ರೆಂಬೆಯೊಂದು ಬಿತ್ತು. ಹಕ್ಕಿ ಎಡಕ್ಕೆ ಹೊರಳಿತು, ಆಕಾಶದೆದುರು ಅದರ ಕೊಕ್ಕು ಸ್ಪಷ್ಟವಾಗಿ ಕಂಡಿತು. ಎರಡನೆಯ ಏಟಿಗೆ ರೆಕ್ಕೆ ಮಡಚಿ ಇಳಿಜಾರಿನ ಕೆಳಗೆಲ್ಲೋ ಬಿತ್ತು.

ಲಾಂಬ್ರಿನಿ ಕೂಗಲಿಲ್ಲ. ಮರಕ್ಕೆ ಒರಗಿದಳು. ತನಗೆ ತಾನೇ ನಗು ಬಂತು. ಬ್ರೀಸಾಳ ಗಂಟೆ ಕೆಳಗೆ ಓಡಿತು, ಸುತ್ತಿತು, ನಿಂತಿತು. ಸಿಕ್ಕಿತು. ಗಂಟೆ ಮತ್ತೆ ಹೊರಟಿತು. ಈಗ ಮೇಲೆ ಬರುತ್ತದೆ ಎಂದು ಕೈ ಚಾಚಿಕೊಂಡು ನಿಂತಳು.

ಗಂಟೆ ಮೇಲೆ ಬರಲಿಲ್ಲ. ಇಳಿಜಾರನ್ನು ಅಡ್ಡಲಾಗಿ ಕತ್ತರಿಸಿ, ಹಳ್ಳದ ಕಡೆ ಸಾಗಿ, ದೂರವಾಗತೊಡಗಿತು.

“ಬ್ರೀಸಾ!” ಎಂದಳು. ಗಂಟೆ ತಿರುಗಲಿಲ್ಲ. ಆ ನಾಯಿ ಇದುವರೆಗೆ ಹಕ್ಕಿಯನ್ನು ಒಬ್ಬನ ಕೈಗೇ ಕೊಟ್ಟಿತ್ತು. ಬೇರೆಯವರಿಗೂ ಕೊಡಬಹುದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಈಗ ಲಾಂಬ್ರಿನಿ ಓಡಿದಳು. ಕೋವಿ ಮಡಚಿ ತೆರೆದು ಖಾಲಿ ತೋಟಾಗಳನ್ನು ಜೇಬಿಗೆ ತುರುಕಿ, ಹಳ್ಳವನ್ನು ಮೊಣಕಾಲವರೆಗೆ ನೆನೆದು ದಾಟಿ, ಏರು ಹತ್ತಿದಳು. ದಾರಿಯಲ್ಲಿ ತೋಲಿಸ್‌ನ ಮಂದೆ ಎದುರಾಯಿತು. ಬಾಯಲ್ಲಿ ಏನೋ ಕಚ್ಚಿಕೊಂಡ ನಾಯಿ ಊರ ಕಡೆ ಹೋದದ್ದನ್ನು ಅವನು ಕಂಡಿದ್ದ. “ನಿನ್ನ ನಾಯಿ ನಿನಗಿಂತ ಮುಂಚೆ ಊಟಕ್ಕೆ ಹೋಯ್ತು ಅತ್ತಿಗೆ” ಎಂದವನು, ಅವಳ ಮುಖ ನೋಡಿ ಮೇಕೆಗಳನ್ನು ಬದಿಗೆ ಸರಿಸಿ ದಾರಿ ಬಿಟ್ಟ.

ಫೋತಿಸ್‌ನ ಅಂಗಳದಲ್ಲಿ ಡಾಕ್ಟರ ಕಾರು ನಿಂತಿತ್ತು. ಮೊಗಸಾಲೆಯಲ್ಲಿ ಮೇಜು ಹಾಕಿತ್ತು. ಸೊಪ್ಪು ತುಂಬಿ ಸುಟ್ಟ ಪೀತಾ, ಚೀಸು, ಎರಡು ಲೋಟ ತ್ಸಿಪುರೊ ಸಾರಾಯಿ. ಮೆನೆಲಾವೋಸ್ ಕರವಸ್ತ್ರವನ್ನು ಕೊರಳಿಗೆ ಸಿಕ್ಕಿಸಿಕೊಂಡು ಇನ್ನೂ ನಿಂತೇ ಇದ್ದ. ಬ್ರೀಸಾ ಮುದುಕನ ಕಾಲಬುಡದಲ್ಲಿ ಮಲಗಿತ್ತು. ಬೆಕಾತ್ಸಾ ಮುದುಕನ ತೊಡೆಯ ಮೇಲಿತ್ತು.

“ನನ್ನದು ಅದು” ಎಂದಳು ಲಾಂಬ್ರಿನಿ. ಉಸಿರು ಸಿಗುತ್ತಿರಲಿಲ್ಲ.

“ಲಾಂಬ್ರಿನಿಯವರೇ, ಬೇಜಾರು ಮಾಡ್ಕೋಬೇಡಿ” ಎಂದ ಡಾಕ್ಟರು ಮೃದುವಾಗಿ. “ನಾಯಿ ತಂದದ್ದನ್ನ ನಾವಿಬ್ಬರೂ ನೋಡಿದ್ವಿ. ಆದ್ರೆ ಭಾನುವಾರ ಈ ಕಾಡಲ್ಲಿ ಹತ್ತು ಕೋವಿ ಇರ್ತವೆ. ಯಾರೋ ಹೊಡೆದು ಕಳ್ಕೊಂಡ ಹಕ್ಕಿ ಆಗಿರಬಹುದಲ್ಲ. ಇದಕ್ಕೆ ಮುಂಚೆ ನೀವು ಹಕ್ಕಿ ಹೊಡೆದೇ ಇಲ್ಲವಂತೆ.”

ಅವಳು ಜೇಬಿನಿಂದ ಎರಡು ಖಾಲಿ ತೋಟಾ ತೆಗೆದು ಮೇಜಿನ ಮೇಲಿಟ್ಟಳು. ಜೊತೆಯಲ್ಲಿ ಕರವಸ್ತ್ರ ಸುತ್ತಿದ ಪಾಶಾನ ಗಂಟೆಯೂ ಬಂತು. ಫೋತಿಸ್ ತೋಟಾಗಳನ್ನು ಮುಟ್ಟಲೂ ಇಲ್ಲ.

“ಡಾಕ್ಟರೇ, ನಾನು ಬೆಳಗ್ಗೆಯಿಂದ ಇಲ್ಲಿ ಕೂತು ಏನು ಮಾಡ್ತಿದ್ದೆ ಅಂದ್ಕೊಂಡ್ರಿ? ಬಿಸಿಲು ಕಾಯಿಸ್ತಿದ್ನಾ?” ಎಂದ. “ಹತ್ತೂವರೆಗೆ ಬಿದ್ದ ಓಕ್ ಮರದ ಹತ್ತಿರ ಗಂಟೆ ನಿಂತಿತು. ನಾನು ಸಿಗರೇಟು ಹಚ್ಚಿದೆ. ಅರ್ಧಕ್ಕೆ ಬರೋ ಮುಂಚೆ ಎರಡು ಏಟು. ತೆಳು ಸದ್ದು, ಇಪ್ಪತ್ತರ ಬೋರು. ಈ ಬೆಟ್ಟದಲ್ಲಿ ಆ ಸದ್ದಿನ ಕೋವಿ ಇರೋದು ಒಂದೇ, ಉಳಿದ ಗಂಡಸರೆಲ್ಲ ಫಿರಂಗಿ ಹೊರ್ತಾರೆ.” ಬೂದಿ ಕೊಡವಿದ. “ಹೋದ ವರ್ಷ ಅದೇ ಜಾಗದಲ್ಲಿ ನಾಯಿನ ಹುಡುಕೋಕೆ ನನಗೆ ಎರಡು ಸಿಗರೇಟು ಬೇಕಾಯ್ತು. ಅದಕ್ಕೆ ಮುಂಚಿನ ವರ್ಷ ನೀವೇ ಬಂದಿದ್ರಿ, ನೆನಪಿದೆಯಾ? ನೀವು ನಾಯಿ ಹುಡುಕೋಷ್ಟರಲ್ಲಿ ಪೊಟ್ಟಣವೇ ಖಾಲಿಯಾಯ್ತು.”

ಡಾಕ್ಟರು ನಗುತ್ತ ಕುರ್ಚಿ ಎಳೆದು ಕೂತ. “ಪೀತಾನಾದ್ರೂ ನನಗೆ ಕೊಡ್ತೀರಾ, ಅದನ್ನೂ ಇವರೇ ಗೆದ್ದಿದ್ದಾರಾ?”

“ಕೂತು ತಿನ್ನಿ” ಎಂದ ಫೋತಿಸ್. ಹಕ್ಕಿಯನ್ನು ಕೊಕ್ಕು ಹಿಡಿದೆತ್ತಿ ಲಾಂಬ್ರಿನಿಗೆ ಕೊಟ್ಟ. ಅದು ಇನ್ನೂ ಬೆಚ್ಚಗಿತ್ತು. “ಮೊದಲ ಏಟು ಎಲ್ಲಿ ಹೋಯ್ತು?”

“ಓಕ್ ಮರಕ್ಕೆ.”

“ಎಲ್ಲರ ಮೊದಲ ಏಟೂ ಅಲ್ಲಿಗೇ. ಇನ್ನು ನಾಯಿನ ಕರ್ಕೊಂಡು ಹೋಗು.”

ಲಾಂಬ್ರಿನಿ ಹೆಸರು ಹಿಡಿದು ಕರೆದಳು. ಬ್ರೀಸಾ ಬಾಲ ಆಡಿಸಿತು, ಏಳಲಿಲ್ಲ. ಇನ್ನೊಮ್ಮೆ ಕರೆದಳು. ನಾಯಿ ತಲೆಯನ್ನು ಮುದುಕನ ಚಪ್ಪಲಿಯ ಮೇಲಿಟ್ಟಿತು. ಫೋತಿಸ್ ಅದನ್ನು ಸವರಲಿಲ್ಲ, ಮಾತಾಡಿಸಲಿಲ್ಲ. ಕೋಲೂರಿ ಎದ್ದು, ಲೋಟ ಕೈಲಿ ಹಿಡಿದು, ಒಳಗೆ ಹೋಗಿ ಬಾಗಿಲು ಹಾಕಿದ. ಚಿಲಕ ಬಿದ್ದ ಸದ್ದು ಕೇಳಿಸಿತು. ತನ್ನ ಮನೆಯಲ್ಲಿ ಅತಿಥಿಯೊಬ್ಬನೇ ಊಟಕ್ಕೆ ಕೂತಿದ್ದು ಫೋತಿಸ್‌ನ ಜೀವನದಲ್ಲಿ ಅದೇ ಮೊದಲು.

ಲಾಂಬ್ರಿನಿ ಪಾಶಾನ ಗಂಟೆಯನ್ನು ಮೇಜಿನಿಂದೆತ್ತಿ ಜೇಬಿಗೆ ಹಾಕಿದಳು. ಹಕ್ಕಿಯನ್ನು ಚೀಲಕ್ಕೆ ಹಾಕಿದಳು. ಮತ್ತೆ ಕರೆಯಲಿಲ್ಲ. ಮೇಕೆಗಳನ್ನು ಅವಳು ಎಂದೂ ಎರಡು ಸಲಕ್ಕಿಂತ ಹೆಚ್ಚು ಕರೆದವಳಲ್ಲ. ಅಂಗಳ ದಾಟಿ ಇಳಿಜಾರಿನ ಕಲ್ಲುದಾರಿಗೆ ಇಳಿದಳು, ಎಂದಿನ ನಡಿಗೆಯಲ್ಲಿ, ಬೇಗವೂ ಅಲ್ಲ, ನಿಧಾನವೂ ಅಲ್ಲ. ಹಿಂದೆ ಸದ್ದಿಲ್ಲ. ಮೊದಲ ತಿರುವು ಬಂತು. ಡಾಕ್ಟರ ಚಮಚ ತಟ್ಟೆಗೆ ತಗಲಿದ್ದು ಕೇಳಿಸಿತು. ಚರ್ಚಿನ ಗೋಡೆ ಬಂತು. ಅವಳು ತಲೆ ತಿರುಗಿಸಲಿಲ್ಲ.

ಆಮೇಲೆ ಕೇಳಿಸಿತು. ಒಂದು ಅರ್ಧ ಬಡಿತ. ನಿಂತಿತು. ಮತ್ತೊಂದು. ಆಮೇಲೆ ಚುರುಕಾಗಿ, ಒಂದರ ಹಿಂದೊಂದು, ಮೆಟ್ಟಿಲು ಇಳಿದು, ಅಂಗಳ ದಾಟಿ, ಕಲ್ಲುದಾರಿಯ ಮೇಲೆ ಅವಳ ಬೆನ್ನ ಹಿಂದೆ ಬಂತು.

ಬಾವಿಕಟ್ಟೆಯ ಹತ್ತಿರ ಬಸ್ಸು ತೊಳೆಯುತ್ತಿದ್ದ ವಾಯೋಸ್ ಅವರಿಬ್ಬರನ್ನೂ ಕಂಡು ಎರಡೂ ಕೈ ಮೇಲೆತ್ತಿದ.

“ಕೈ ಇಳಿಸು” ಎಂದಳು ಲಾಂಬ್ರಿನಿ. “ಹೋಗಿ ಫ್ರಿಜ್ಜಿನಿಂದ ಮಾಂಸದ ಪಾತ್ರೆ ತಗೊಂಡು ಬಾ. ಅವಳು ಬೆಳಗ್ಗೆಯಿಂದ ಏನೂ ತಿಂದಿಲ್ಲ.”